ಬಾಯಿ ತುಂಬ ತಿಳಿನೀರು

ನಮ್ಮ ಚೀಫ್ ಕೆಮಿಸ್ಟ್ ಸಾಹೇಬರು ತೀರಿಕೊಂಡರಂತೆ. ಹೊಸಪೇಟೆಯಿಂದ ಹಳೆಯ ಸಹೋದ್ಯೋಗಿಯೊಬ್ಬ ಫೋನ್ ಮಾಡಿ ಹೇಳಿದ. ಹೇಳಿದ ಮೇಲೆ, "ನೀನು ಅವ್ರ ಕೈಕೆಳಗ ಭಾಳ ದಿನ ಇದ್ದಿ. ಹಳೇ ಸ್ಟಾಫೆಲ್ಲ ಸೇರಿ ಸ್ಮರಣ ಸಂಚಿಕೆ ತರಾಕತ್ತೀವಿ. ನಾಕು ಮಾತು ಬರಿ. ಅವ್ರು ಆಡಿದ್ದು ಒಂದು ಮಾತು ಯಾವುದಾರ ನೆನಪಿದ್ರ ಅದನ್ನೂ ಕಳಿಸು, ಫೋಟೋದ ಕೆಳಗ ದಪ್ಪ ಅಕ್ಷರದಾಗ ಹಾಕ್ತೀವಿ" ಅಂದ. ಆಯಿತು ಅಂದೆ. ಸತ್ತವರನ್ನು ಬೈದು ಬರೆಯಬೇಡಿ ಎಂದು ಹೆಂಡತಿ ಅಡುಗೆಮನೆಯಿಂದಲೇ ಎಚ್ಚರಿಸಿದಳು. ಬೈಯುವುದಿಲ್ಲ. ನಡೆದದ್ದನ್ನು ಬರೆಯುತ್ತೇನೆ. ಅದೇ ಬೈಗುಳದ ಹಾಗೆ ಕೇಳಿಸಿದರೆ ನಾನೇನು ಮಾಡಲಿ.

ಅದು ಗಣಿಯ ಹುಚ್ಚು ನೆತ್ತಿಗೇರಿದ್ದ ಕಾಲ. ಬೆಟ್ಟ ಕಡಿದು ಲಾರಿಗೆ ತುಂಬಿದರೆ ಸಾಕು, ಎಲ್ಲಿಯವನೋ ಬಂದು ಕೊಂಡು ಹೋಗುತ್ತಿದ್ದ. ಹೊಸಪೇಟೆಯಿಂದ ಸಂಡೂರಿನವರೆಗೆ ಮರದ ಎಲೆ ಕೆಂಪು, ಹೋಟೆಲಿನ ಇಡ್ಲಿ ಕೆಂಪು, ಕಂಪನಿ ಬಸ್ಸಿನಲ್ಲಿ ಓಡಾಡುತ್ತಿದ್ದ ನಮ್ಮ ಕಿವಿಯೊಳಗಿನ ಕೊಳೆಯೂ ಕೆಂಪು. ಅಂಥದ್ದರಲ್ಲಿ ಬೆಳ್ಳಗೆ ಉಳಿದದ್ದು ಒಂದೇ ವಸ್ತು: ನಮ್ಮ ಚೀಫ್ ಸಾಹೇಬರ ಕೋಟು. ಗಂಜಿ ಹಾಕಿ ಇಸ್ತ್ರಿ ಮಾಡಿದ ಮೊಣಕಾಲುದ್ದದ ಕೋಟು. ಲ್ಯಾಬಿನಲ್ಲಿ ಹಾಕುತ್ತಿದ್ದರು, ಅದು ಸರಿ. ಕ್ಯಾಂಟೀನಿನಲ್ಲಿ ಹಾಕುತ್ತಿದ್ದರು, ಅದನ್ನೂ ಸಹಿಸಿದೆವು. ಮ್ಯಾನೇಜರ ಮಗಳ ಮದುವೆಗೂ ಅದನ್ನೇ ತೊಟ್ಟು ಬಂದಾಗ, ಬೀಗರ ಕಡೆಯ ಮುದುಕಿಯೊಬ್ಬಳು ಇವರನ್ನು ಡಾಕ್ಟರೆಂದು ತಿಳಿದು ಮೊಣಕಾಲು ತೋರಿಸಿದಳು. ಇವರು ಮುಟ್ಟಿ ನೋಡಿ, "ವಾಯು ಐತವ್ವ, ಬಿಸಿನೀರು ಕುಡಿ" ಅಂದರು! ನಾನು ಡಾಕ್ಟರಲ್ಲ ಅನ್ನಬೇಕೆಂದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ.

ಮೊದಲು ಎಲ್ಲೋ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲಿನ ಸಿಹಿ ಅಳೆಯುತ್ತಿದ್ದರಂತೆ. ಗಣಿ ಮಾಲೀಕರಿಗೆ ಆಗ ಜನ ಬೇಕಾಗಿದ್ದರು, ಯಾರಾದರೂ ಸರಿ. ಯಶವಂತನಗರದ ಆಚೆ ನಮ್ಮ ಅದಿರು ತೊಳೆಯುವ ಪ್ಲಾಂಟು ಶುರುವಾದಾಗ, ಅದರ ಲ್ಯಾಬಿಗೆ ಇವರನ್ನು ತಂದು ಕೂರಿಸಿದರು. ಎಂ.ಎಸ್ಸಿ. ಮುಗಿಸಿ ನಾನೂ ಅಲ್ಲಿಗೇ ಸೇರಿದೆ. ಸೇರಿದ ವಾರದಲ್ಲೇ ನನಗೆ ಗೊತ್ತಾಯಿತು, ಸಾಹೇಬರಿಗೆ ಬರುತ್ತಿದ್ದದ್ದು ಒಂದೇ ಪ್ರಯೋಗ.

ಆ ಪ್ರಯೋಗದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅದಿರು ತೊಳೆದ ಮೇಲೆ ಉಳಿಯುವುದು ಕೆಸರು ನೀರು. ಅದನ್ನು ದೊಡ್ಡ ದುಂಡು ತೊಟ್ಟಿಗೆ ಬಿಟ್ಟು, ಕೆಸರನ್ನು ತಳಕ್ಕಿಳಿಸಿ, ಮೇಲಿನ ತಿಳಿಯನ್ನು ಮತ್ತೆ ಬಳಸಬೇಕು. ಆದರೆ ನಮ್ಮ ಕಡೆಯ ಕೆಂಪು ಜೇಡಿಯ ಕಣಗಳು ಅಷ್ಟು ಸುಲಭಕ್ಕೆ ತಳ ಹಿಡಿಯುವುದಿಲ್ಲ. ಎಲ್ಲವೂ ಋಣಾವೇಶದವು, ಒಂದನ್ನೊಂದು ದೂರ ತಳ್ಳುತ್ತ ದಿನಗಟ್ಟಲೆ ತೇಲುತ್ತವೆ. ಅದಕ್ಕೆ ಧನಾವೇಶದ ಪಾಲಿಮರ್ ಹಾಕುತ್ತಾರೆ. ಜೇನಿನಷ್ಟು ಮಂದವಾದ, ಮಾಸಲು ಹಳದಿ ದ್ರವ. ಅದರ ಒಂದೊಂದು ಅಣುವೂ ಒಂದು ಉದ್ದ ದಾರ, ದಾರದ ಉದ್ದಕ್ಕೂ ಧನಾವೇಶ. ಕೆಸರಿನ ಕಣಗಳು ಅದಕ್ಕೆ ಬಂದು ಅಂಟಿಕೊಂಡು, ಗಂಟುಗಂಟಾಗಿ, ತಮ್ಮ ಭಾರಕ್ಕೆ ತಾವೇ ಕೆಳಗಿಳಿಯುತ್ತವೆ. ಎಷ್ಟು ಹಾಕಬೇಕೆಂದು ತಿಳಿಯಲು ಆರು ಗಾಜಿನ ಜಾಡಿಗಳಲ್ಲಿ ಅದೇ ಕೆಸರು ನೀರು ತುಂಬಿ, ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣ ಹಾಕಿ, ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ ಕಲಕಿ, ಬಿಟ್ಟು ನೋಡಬೇಕು. ಯಾವ ಜಾಡಿ ಬೇಗ ತಿಳಿಯಾಯಿತೋ ಅದೇ ಸರಿಯಾದ ಪ್ರಮಾಣ. ನೋಡಲು ನಿಜವಾಗಿಯೂ ಚೆಂದ. ರಕ್ತದಂಥ ನೀರು ಕಣ್ಣೆದುರೇ ಒಡೆದು, ಕೆಂಪು ಚೂರುಗಳು ಮೆಲ್ಲಗೆ ಇಳಿದು, ಮೇಲೆ ಗಾಜಿನಂಥ ನೀರು ನಿಲ್ಲುತ್ತಿತ್ತು. ನನಗೆ ಆ ಕೆಲಸ ಇವತ್ತಿಗೂ ಇಷ್ಟ.

ಸಾಹೇಬರು ಇದನ್ನು ಆಟ ಮಾಡಿಬಿಟ್ಟಿದ್ದರು. ಪ್ಲಾಂಟಿಗೆ ಯಾರೇ ಬರಲಿ, ಅಧಿಕಾರಿಯೋ, ಶಾಲೆಯ ಮಕ್ಕಳೋ, ಹಂಪಿ ನೋಡಲು ಬಂದು ದಾರಿ ತಪ್ಪಿದ ಮಾಲೀಕರ ನೆಂಟರೋ, ಅವರನ್ನು ಲ್ಯಾಬಿಗೆ ಕರೆತರುತ್ತಿದ್ದರು. ಜಾಡಿಗೆ ನಾಲ್ಕು ಹನಿ ಪಾಲಿಮರ್ ಬಿಟ್ಟು, "ನೋಡ್ರಿ, ಇದು ನಮ್ಮ ಅಮೃತ" ಅನ್ನುವರು. ನೀರು ತಿಳಿಯಾದ ಮೇಲೆ ಮೇಲಿನದನ್ನು ಲೋಟಕ್ಕೆ ಬಗ್ಗಿಸಿ, ಎಲ್ಲರೆದುರು ಎತ್ತಿ ಬಾಯಿಗೆ ಸುರಿದುಕೊಳ್ಳುವರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಸಾಹೇಬರು ಕಣ್ಣು ಮುಚ್ಚಿ ತಲೆಯಾಡಿಸಿ, ಫೋನ್ ಬಂದವರಂತೆ ಒಳಗಿನ ಕೋಣೆಗೆ ನಡೆಯುವರು. ಅಲ್ಲೊಂದು ವಾಶ್ ಬೇಸಿನ್ ಇತ್ತು. ಬಾಯಲ್ಲಿದ್ದದ್ದನ್ನು ಅಷ್ಟೂ ಅದಕ್ಕೆ ಉಗಿದು, ಡಿಸ್ಟಿಲ್ಡ್ ವಾಟರಿನಿಂದ ಬಾಯಿ ಮುಕ್ಕಳಿಸಿ, ಮೀಸೆ ಒರೆಸಿಕೊಂಡು ಬರುತ್ತಿದ್ದರು. ಒಂದು ಹನಿಯೂ ಗಂಟಲಿಗಿಳಿದದ್ದನ್ನು ನಾನು ನೋಡಿಲ್ಲ. ಲ್ಯಾಬಿನವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಒಮ್ಮೆ ಪಾಲಿಮರ್ ನೆಲಕ್ಕೆ ಚೆಲ್ಲಿತು. ಅದು ಚೆಲ್ಲಿದರೆ ಮರಳು ಹಾಕಿ ಬಳಿದು ತೆಗೆಯಬೇಕು. ನೀರು ಬಿದ್ದರೆ ಉಬ್ಬಿ ಹರಡಿ, ನೆಲ ಲೋಳೆ ಬಳಿದಂತಾಗುತ್ತದೆ, ಇರುವೆಯೂ ನಿಲ್ಲಲಾರದು. ನಾನು ಮರಳು ಅಂದೆ. "ನೀ ಸುಮ್ನಿರಲೇ, ಪೈಪ್ ತಗೊಂಡು ನೀರು ಹೊಡೀರಿ" ಎಂದು ಸಾಹೇಬರು ಅಪ್ಪಣೆ ಕೊಡಿಸಿದರು. ಹೊಡೆದೆವು. ಹೇಗೆ ತೊಳೆಯುತ್ತಿದ್ದಾರೆಂದು ನೋಡಲು ಅವರೇ ಮುಂದೆ ಬಂದು, ಬಿಳಿ ಕೋಟಿನ ಸಮೇತ ಕೂತ ಭಂಗಿಯಲ್ಲೇ ಬಾಗಿಲಿನಿಂದ ಬಾಯ್ಲರ್ ಕೋಣೆಯವರೆಗೆ ಸಾಗಿಹೋದರು. ಎಬ್ಬಿಸಲು ಹೋದ ಇಬ್ಬರೂ ಪಕ್ಕದಲ್ಲೇ ಕೂತರು. ಎದ್ದ ಮೇಲೆ ಅವರು ಆಡಿದ ಮೊದಲ ಮಾತು, "ಮರಳು ಯಾಕ ಹಾಕ್ಲಿಲ್ಲಲೇ ನೀವು?" ಎಂಬುದು.

ಇನ್ನೊಮ್ಮೆ ತೊಟ್ಟಿಯ ನೀರು ತಿಳಿಯಾಗಲಿಲ್ಲ. ಸಾಹೇಬರು, "ಇನ್ನಷ್ಟ ಹಾಕ್ರಿ" ಅಂದರು. ಹಾಕಿದಷ್ಟೂ ಕೆಂಪು. ಈ ಪಾಲಿಮರಿನ ಗುಣವೇ ಅದು. ಅಳತೆ ಮೀರಿದರೆ ಪ್ರತಿ ಕಣದ ಮೈಗೂ ಅದೇ ಮೆತ್ತಿಕೊಂಡು, ಎಲ್ಲವೂ ಧನಾವೇಶದವಾಗಿ, ಮತ್ತೆ ಒಂದನ್ನೊಂದು ತಳ್ಳತೊಡಗುತ್ತವೆ. "ಕಡಿಮೆ ಮಾಡೋಣ ಸಾರ್" ಅಂದರೆ, "ಔಷಧ ಜಾಸ್ತಿ ಕುಡಿದ್ರ ಜಲ್ದಿ ಆರಾಮಾಗ್ತಾನೋ ಇಲ್ಲೋ?" ಎಂದು ನನ್ನನ್ನೇ ಕೇಳಿದರು. ಇಂಥವರಿಗೆ ಏನು ಹೇಳುತ್ತೀರಿ? ಅವರು ಊಟಕ್ಕೆ ಹೋದಾಗ ವಾಲ್ವ್ ತಿರುಗಿಸಿ ನಾನೇ ಕಡಿಮೆ ಮಾಡಿದೆ. ಇಳಿಹೊತ್ತಿಗೆ ನೀರು ತಿಳಿಯಾಯಿತು. ಸಂಜೆ ಮ್ಯಾನೇಜರು ಬಂದು ಸಾಹೇಬರ ಬೆನ್ನು ತಟ್ಟಿದರು, ಸಾಹೇಬರು ತಟ್ಟಿಸಿಕೊಂಡರು.

ಇದೆಲ್ಲ ನಗುವ ಮಾತು, ಬಿಡಿ. ಎಲ್ಲ ಕಂಪನಿಯಲ್ಲೂ ಇಂಥವರು ಒಬ್ಬಿಬ್ಬರು ಇರುತ್ತಾರೆ. ನಗಲಾಗದ್ದು ಆ ಚಿತ್ರದಿಂದ ಶುರುವಾಯಿತು.

ಪಾಲಿಮರ್ ಬರುತ್ತಿದ್ದದ್ದು ಹೊರದೇಶದಿಂದ, ದೊಡ್ಡ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ. ಡ್ರಮ್ಮಿನ ಮೇಲೆ ನಮಗಾರಿಗೂ ಬಾರದ ಭಾಷೆಯ ಚೀಟಿ. ಚೀಟಿಯ ಮೂಲೆಯಲ್ಲಿ ಕಿತ್ತಳೆ ಬಣ್ಣದ ಒಂದು ಚೌಕ, ಅದರಲ್ಲೊಂದು ಮರ, ಮರದ ಕೆಳಗೊಂದು ಮೀನು. ಮರದಲ್ಲಿ ಎಲೆ ಇಲ್ಲ, ಬರೀ ಕೊಂಬೆ. ಮೀನಿನ ಹೊಟ್ಟೆ ಮೇಲಾಗಿದೆ. ಅದನ್ನು ನೋಡಿದ ಯಾರಿಗಾದರೂ ಏನನ್ನಿಸಬೇಕು? ನಮ್ಮ ಸಾಹೇಬರಿಗೆ ಅನ್ನಿಸಿದ್ದು, ಇದು ಪರಿಸರಸ್ನೇಹಿ ಎಂದು ಕೊಟ್ಟ ಸರ್ಟಿಫಿಕೇಟು ಎಂದು! "ಮರ, ಮೀನು. ಅಂದ್ರ ಗಿಡಕ್ಕೂ ಚಲೋ, ಜಲಚರಕ್ಕೂ ಚಲೋ. ಫಾರಿನ್‌ನವ್ರು ಸುಮ್ನ ಹಾಕ್ತಾರೇನಲೇ?"

"ಸಾರ್, ಮೀನು ಅಂಗಾತ ಬಿದ್ದೈತ್ರಿ" ಅಂದೆ.

"ಅದು ಆರಾಮಾಗಿ ಮಲಗೇತಿ."

ಪರಿಸರ ದಿನಕ್ಕೆ ಲ್ಯಾಬಿನ ಹೊರಗೋಡೆಯ ಮೇಲೆ ಆ ಚಿತ್ರವನ್ನು ದೊಡ್ಡದಾಗಿ ಬರೆಸಬೇಕೆಂದು ಸಂಡೂರಿನಿಂದ ಪೇಂಟರ್ ರಫಿಯನ್ನು ಕರೆಸಿದರು. ರಫಿ ಚೀಟಿ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ಸಾಬ್, ಮೀನು ಉಲ್ಟಾ ಐತಿ, ಗಿಡ ಒಣಗೇತಿ. ಹಂಗ ಬರೀಲೇನ್ರಿ?"

"ಏ ನಿನಗ ಬುದ್ಧಿ ಐತಿಲ್ಲ? ಮೀನು ಸೀದಾ ಮಾಡು. ಗಿಡಕ್ಕ ಎಲಿ ಬರಿ. ನಾಕು ಮಾವಿನಹಣ್ಣೂ ಹಾಕು."

ರಫಿ ಬರೆದ. ಮೀನಿಗೆ ತನ್ನ ಕಡೆಯಿಂದ ಒಂದು ನಗುವನ್ನೂ ಸೇರಿಸಿದ. ಸಾಹೇಬರು ಬಂದವರಿಗೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಡುತ್ತಿದ್ದರು.

ಖಾಲಿ ಡ್ರಮ್ಮುಗಳಿಗೆ ಆ ಕಾಲದಲ್ಲಿ ಭಾಳ ಬೇಡಿಕೆ. ಬೇಲಿಯ ಹತ್ತಿರ ಸಾಲಾಗಿ ಇಟ್ಟರೆ ಸಂಜೆಯೊಳಗೆ ಮಾಯ. ಯಶವಂತನಗರದಲ್ಲಿ ನೀಲಿ ಡ್ರಮ್ಮಿಲ್ಲದ ಮನೆಯೇ ಇರಲಿಲ್ಲ. ಬಚ್ಚಲಿಗೊಂದು, ಬಾಗಿಲಿಗೊಂದು, ಅರ್ಧಕ್ಕೆ ಕೊಯ್ದು ಎಮ್ಮೆಗೊಂದು. ಕಂಪನಿಯ ಡ್ರಮ್ಮು ಅಂದರೆ ಜನರಿಗೆ ಒಂದು ಹೆಮ್ಮೆ. ಕಂಪ್ಲಿಯಲ್ಲಿದ್ದ ನನ್ನ ಅಕ್ಕನ ಗಂಡ ಹುಲುಗಪ್ಪನ ಕಣ್ಣೂ ಅವುಗಳ ಮೇಲೆ ಬಿತ್ತು.

ಹುಲುಗಪ್ಪ ಬಾವನದು ಕಾಲುವೆಯ ನೀರಿನ ಗದ್ದೆ. ಅಪ್ಪ, ಇವನು, ಇವನ ತಮ್ಮ, ಎಲ್ಲರೂ ಒಟ್ಟಿಗೇ ಇದ್ದರು. ವರ್ಷಕ್ಕೆರಡು ಬಾರಿ ಭತ್ತ ಬೆಳೆದು ರೈಸ್‌ಮಿಲ್ಲಿಗೆ ಹಾಕಿದರೆ ಮುಗಿಯಿತು, ಬೇರೆ ಯೋಚನೆ ಇಲ್ಲದ ಮನೆ. ಬಾವನಿಗೆ ಮಾತ್ರ ಎಲ್ಲೋ ನೋಡಿ ಬಂದು ಮೀನು ಸಾಕುವ ಹುಚ್ಚು ಹಿಡಿಯಿತು. ಗದ್ದೆಯ ತಗ್ಗಿನ ತುಂಡನ್ನು ಅಗೆದು ಹೊಂಡ ಮಾಡುತ್ತೇನೆ ಅಂದ. ಅವನಪ್ಪ ಮೂರು ದಿನ ಊಟ ಬಿಟ್ಟ. "ಅನ್ನ ಬೆಳೆಯೋ ನೆಲ ಅಗೀತೀಯೇನಲೇ?" ಎಂದು ಮನೆ ಹಾರಿಹೋಗುವಂತೆ ಕೂಗಾಡಿದ. ಕೊನೆಗೆ ಮುದುಕನೇ ಒಂದು ಷರತ್ತು ಹಾಕಿ ಒಪ್ಪಿದ. ಮೀನು ಬಂದರೆ ಮನೆಯ ಯಜಮಾನಿಕೆ ಹಿರಿಮಗನಾದ ನಿನ್ನ ಕೈಗೆ. ಬರದಿದ್ದರೆ ಹೊಂಡ ಮುಚ್ಚಿ, ತಮ್ಮ ಹೇಳಿದ ಹಾಗೆ ಕೇಳಿಕೊಂಡು ಬಿದ್ದಿರಬೇಕು. ಬಾವ ಆಗಲಿ ಅಂದ. ಹೊಂಡವನ್ನು ತಾನೇ ಅಗೆದ. ಅಂಗೈ ಬೊಬ್ಬೆ ಒಡೆದು ಅನ್ನ ಕಲಸಲಾರದೆ, ನನ್ನ ಅಕ್ಕ ಕಲಸಿ ಕೊಡುತ್ತಿದ್ದಳು.

ಹೊಸಪೇಟೆಯ ಡ್ಯಾಮಿನ ಹತ್ತಿರ ಮೀನುಮರಿ ಕೊಂಡು ಕಂಪ್ಲಿಗೆ ಸಾಗಿಸಲು ಅವನಿಗೆ ಡ್ರಮ್ಮು ಬೇಕಾಗಿತ್ತು. ಕೇಳಿಕೊಂಡು ಲ್ಯಾಬಿಗೆ ಬಂದ. ನಾನು ಕೈ ಮುಗಿದು ಹೇಳಿದೆ: "ಬಾವ, ಬ್ಯಾರೆ ಯಾವುದಾರ ತಗೋ, ಇವು ಬ್ಯಾಡ. ಇದರಾಗಿನ ಮಾಲು ಮೀನಿಗೆ ಆಗಂಗಿಲ್ಲ." ಮೀನಿನ ಕಿವಿರೂ ಋಣಾವೇಶದ್ದೇ. ಕೆಸರಿಗೆ ಅಂಟುವ ದಾರ ಅದಕ್ಕೂ ಅಂಟಿ ಉಸಿರು ಕಟ್ಟಿಸುತ್ತದೆ. ಇಷ್ಟನ್ನು ಅವನಿಗೆ ತಿಳಿಯುವ ಹಾಗೆ ಹೇಳುವಷ್ಟರಲ್ಲಿ ಸಾಹೇಬರು ಬಂದರು. ಬೇಡಿಕೊಂಡು ಬಂದವರನ್ನು ಕಂಡರೆ ಅವರಿಗೆ ಎಲ್ಲಿಲ್ಲದ ಹುರುಪು.

"ಏನಂತಾನ ಇವ? ಆಗಂಗಿಲ್ಲ ಅಂತಾನೇನು? ಕುಂದ್ರಿ ಯಜಮಾನ್ರ." ಡ್ರಮ್ಮಿನ ತಳದಲ್ಲಿ ಉಳಿದದ್ದಕ್ಕೆ ಒಂದಿಷ್ಟು ನೀರು ಹುಯ್ಯಿಸಿ, ಅಲ್ಲಾಡಿಸಿ, ಲೋಟಕ್ಕೆ ಬಗ್ಗಿಸಿದರು. ಎತ್ತಿ ಬಾಯಿಗೆ ಸುರಿದುಕೊಂಡರು. ಬಾವನ ಬಾಯಿ ತೆರೆದೇ ಇತ್ತು. ತಿಳಿದುಕೊಳ್ಳಬೇಕಾದದ್ದನ್ನು ಅವನು ಆಗಲೇ ಕೇಳಿದ. "ಸಾಹೇಬ್ರ, ಮರಿ ಭಾಳ ಸಣ್ಣವು ಇರ್ತಾವ. ಇದರಾಗ ಒಯ್ದ್ರ ಬದುಕ್ತಾವೇನ್ರಿ?"

ಸಾಹೇಬರು ಉತ್ತರ ಕೊಡಬೇಕು. ಬಾಯಿ ತುಂಬ ನೀರು. ನುಂಗುವ ಹಾಗಿಲ್ಲ, ಬಾವನೆದುರು ಉಗಿಯುವ ಹಾಗಿಲ್ಲ. ಕೆನ್ನೆ ಉಬ್ಬಿಸಿಕೊಂಡೇ "ಹ್ಞೂಂ" ಎಂದು ತಲೆಯಾಡಿಸಿದರು. ಕಿಟಕಿಯಾಚೆ ಗೋಡೆಯ ಮೇಲಿನ ನಗುವ ಮೀನಿನ ಕಡೆ ಬೆರಳು ತೋರಿಸಿ ಇನ್ನೊಮ್ಮೆ "ಹ್ಞೂಂ" ಅಂದರು. ಆಮೇಲೆ ಒಳಗಿನ ಕೋಣೆಗೆ ಓಡಿದರು. ಬಂದು, ಮೀಸೆ ಒರೆಸಿಕೊಳ್ಳುತ್ತ, "ಕಾಲುವಿ ನೀರು ತುಂಬಬ್ಯಾಡ್ರಿ, ರಾಡಿ ಇರ್ತೈತಿ. ಬೋರಿನ ಚೊಕ್ಕ ನೀರು ತುಂಬ್ರಿ" ಎಂದು ಉಪದೇಶವನ್ನೂ ಕೊಟ್ಟರು. ಕಾಲುವೆಯ ರಾಡಿ ಇದ್ದಿದ್ದರೆ ಪಾಲಿಮರಿನ ಬಹುಪಾಲು ಆ ರಾಡಿಗೇ ಅಂಟಿಕೊಂಡು, ಮರಿಗಳು ಉಳಿಯುತ್ತಿದ್ದವೋ ಏನೋ. ಚೊಕ್ಕ ನೀರಿನಲ್ಲಿ ಅದಕ್ಕೆ ಅಂಟಲು ಮೀನು ಬಿಟ್ಟರೆ ಬೇರೆ ಏನೂ ಇರುವುದಿಲ್ಲ.

ಗೇಟಿನವರೆಗೂ ಬಾವನ ಹಿಂದೆ ಹೋದೆ. "ಅವ್ರು ನುಂಗಿಲ್ಲ ಬಾವ, ಒಳಗ ಹೋಗಿ ಉಗುಳ್ಯಾರ" ಅಂದೆ.

ಬಾವ ನಿಂತು ನನ್ನ ಮುಖ ನೋಡಿದ. "ಅಷ್ಟು ದೊಡ್ಡ ಮನುಷ್ಯ ನನ್ನ ಸಲುವಾಗಿ ಕುಡಿದು ತೋರಿಸ್ಯಾನ. ನಿನಗ ಅವ್ರ ಮ್ಯಾಲೆ ಹೊಟ್ಟಿಕಿಚ್ಚು ಇದ್ರ ಅದನ್ನ ನನ್ನ ಮೀನಿನ ಮ್ಯಾಲೆ ತೀರಿಸಬ್ಯಾಡಪ್ಪ."

ಸಾಹೇಬರು ಕಂಪನಿ ಗಾಡಿಯಲ್ಲೇ ಡ್ರಮ್ಮುಗಳನ್ನು ಕಳಿಸಿಕೊಟ್ಟರು. ನಾನು ಫೋನಿನಲ್ಲಿ ಅಕ್ಕನಿಗೆ ತೊಳೆಯಿರಿ, ಮತ್ತೆ ಮತ್ತೆ ತೊಳೆಯಿರಿ ಅಂದೆ. ತೊಳೆದರು. ಕೈಗೆ ಹತ್ತಿದ ಲೋಳೆ ಹೋಗಲಿಲ್ಲ ಎಂದು ಅಕ್ಕ ಆಮೇಲೆ ಹೇಳಿದಳು. ಡ್ರಮ್ಮಿನ ಗೋಡೆಗೆ ಕಚ್ಚಿಕೊಂಡರೆ ಅದು ಸುಲಭಕ್ಕೆ ಬಿಡುವ ಪದಾರ್ಥವಲ್ಲ.

ಮರಿ ತಂದ ದಿನ ನಾನು ಡ್ಯೂಟಿಯಲ್ಲಿದ್ದೆ. ನಡೆದದ್ದನ್ನು ಬಾವ ಹೇಳಿದ್ದಾನೆ. ಡ್ಯಾಮಿನ ಹತ್ತಿರ ಮರಿ ತುಂಬಿಸಿದಾಗ ಮಸ್ತ್ ಚುರುಕಾಗಿದ್ದವಂತೆ. ಕಡ್ಡಿರಾಂಪುರದಲ್ಲಿ ಟೆಂಪೋದವನು ಚಾ ಕುಡಿಯಲು ನಿಲ್ಲಿಸಿದ. ಬಾವ ಮುಚ್ಚಳ ತೆಗೆದು ನೋಡಿದರೆ ಎಲ್ಲವೂ ಮೇಲೆ ಬಂದು ಬಾಯಿ ಬಿಡುತ್ತಿವೆ. ಬಿಸಿಲಿಗೆ ಹೀಗಾಯಿತೇನೋ ಎಂದು ಒದ್ದೆ ಗೋಣಿ ಹೊದಿಸಿದ. ಕಮಲಾಪುರ ದಾಟುವಷ್ಟರಲ್ಲಿ ಅಲುಗಾಟ ಕಡಿಮೆಯಾಯಿತು. ಕಂಪ್ಲಿಯ ಹೊಂಡದ ದಂಡೆಯಲ್ಲಿ ಮನೆಯವರು, ಓಣಿಯವರು, ಮುದುಕ, ಎಲ್ಲರೂ ಕಾದು ನಿಂತಿದ್ದರು. ಅಕ್ಕ ಅರಿಸಿನ ಕುಂಕುಮ ತಂದಿದ್ದಳು. ಬಾವ ಡ್ರಮ್ಮು ಬಗ್ಗಿಸಿದ. ಹೊಂಡದ ಮೇಲೆ ಬಿಳಿ ಹೊಟ್ಟೆಗಳು ಹರಡಿದವು. ಯಾರೋ ನಕ್ಕರಂತೆ. ಮುದುಕ ನಗಲಿಲ್ಲ; ಹೆಗಲ ಟವೆಲ್ಲು ಕೊಡವಿ ಮನೆಗೆ ನಡೆದ.

ಸುದ್ದಿ ತಿಳಿದು ಕಂಪ್ಲಿಗೆ ಹೋಗಿ, ಡ್ರಮ್ಮಿನಲ್ಲಿ ಉಳಿದಿದ್ದ ನೀರನ್ನು ಬಾಟಲಿಗೆ ತುಂಬಿಸಿ ಮರುದಿನವೇ ಲ್ಯಾಬಿಗೆ ತಂದೆ. ನೀರಿನಲ್ಲಿ ಈ ಪಾಲಿಮರ್ ಇದೆಯೋ ಇಲ್ಲವೋ ನೋಡಲು ಒಂದು ನೀಲಿ ಬಣ್ಣ ಇದೆ. ನೀರಿಗೆ ಆ ಬಣ್ಣ ಹಾಕಿ, ಮೇಲೆ ಋಣಾವೇಶದ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಬರೀ ನೀರಾಗಿದ್ದರೆ ಒಂದೆರಡು ಹನಿಗೇ ನೇರಳೆಯಾಗುತ್ತದೆ. ಪಾಲಿಮರ್ ಇದ್ದರೆ ಅದು ತೀರುವವರೆಗೂ ನೀಲಿಯೇ. ನಾನು ಹನಿ ಬಿಡುತ್ತಲೇ ಇದ್ದೆ, ಅದು ನೀಲಿಯಾಗಿಯೇ ಇತ್ತು. ಸಾಹೇಬರನ್ನು ಕರೆದು ತೋರಿಸಿದೆ. ನೋಡಿದರು. "ಬಣ್ಣ ಚಲೋ ಬಂದೈತಿ" ಎಂದು ಫ್ಲಾಸ್ಕು ಎತ್ತಿ ಸಿಂಕಿಗೆ ಸುರಿದು, ಕೈ ತೊಳೆದುಕೊಂಡರು. ಅವರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಅದೇ ವಾರ ಬಾವ ಅಪ್ಪನನ್ನು ಕರೆದುಕೊಂಡು ಪ್ಲಾಂಟಿಗೆ ಬಂದ. ಜಗಳಕ್ಕಲ್ಲ. ಕೈಯಲ್ಲಿ ಟವೆಲ್ಲು ಮುದುರಿ ಹಿಡಿದು ನಿಂತು ಕೇಳಿದ: "ರೊಕ್ಕ ಬ್ಯಾಡ್ರಿ ಸಾಹೇಬ್ರ. ನಮ್ಮಪ್ಪನ ಮುಂದ ಒಂದು ಮಾತು ಹೇಳ್ರಿ. ಡ್ರಮ್ಮಿನಾಗ ಏನೋ ಉಳಿದಿತ್ತು, ಇವನ ತಪ್ಪಿಲ್ಲ ಅಂತ. ಅಷ್ಟ ಸಾಕು."

ಸಾಹೇಬರು ಮುದುಕನಿಗೆ ಕುರ್ಚಿ ಹಾಕಿಸಿದರು. ಚಾ ತರಿಸಿದರು. ಬಿಳಿ ಕೋಟಿನ ಗುಂಡಿ ಸರಿಮಾಡಿಕೊಂಡು, ಒಂದೊಂದೇ ಮಾತನ್ನು ತೂಗಿ ಹೇಳಿದರು: "ನೋಡ್ರಿ ಯಜಮಾನ್ರ, ನಾನು ವಿಜ್ಞಾನದಾಂವ. ಡ್ರಮ್ಮಿನಾಗ ಏನೂ ಇಲ್ಲ, ನಾನ ಕುಡಿದು ತೋರಿಸೀನಿ. ನಿಮ್ಮ ಮಗಗ ಮೀನು ಸಾಕಾಕ ಬರಂಗಿಲ್ಲ. ಒತ್ತಿ ಒತ್ತಿ ತುಂಬ್ಯಾನ, ಉಸಿರು ಕಟ್ಟಿ ಸತ್ತಾವ. ಎಲ್ಲಾರಿಗೂ ಎಲ್ಲಾ ಕೆಲಸ ಬರ್ತಾವೇನ್ರಿ?"

"ಸುಳ್ಳು" ಅಂದೆ ನಾನು. ಸಾಹೇಬರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮುದುಕ ತಿರುಗಿದ. "ನೀನು ಅವನ ಹೇಣ್ತಿ ತಮ್ಮ. ನೀ ಹಂಗ ಅನ್ನಾಕ ಬೇಕು. ಇಷ್ಟು ದೊಡ್ಡ ಸಾಹೇಬ್ರು ಯಾಕ ಸುಳ್ಳು ಹೇಳ್ತಾರ? ಅವ್ರ ಬಾಯಿಂದ ಬಂದಿದ್ರ ನಂಬ್ತಿದ್ದೆ." ಚಾ ಮುಟ್ಟದೆ ಎದ್ದ. ಬಾವ ಅಪ್ಪನ ಹಿಂದೆ, ನಾಲ್ಕು ಹೆಜ್ಜೆ ಬಿಟ್ಟು ನಡೆದ.

ಹೊಂಡ ಮುಚ್ಚಿಸಿದರು. ಮಣ್ಣನ್ನು ಬಾವನೇ ಎಳೆಯಬೇಕಾಯಿತು. ಯಜಮಾನಿಕೆ ತಮ್ಮನಿಗೆ ಹೋಯಿತು. ಆ ಮೇಲೆ ಎಮ್ಮೆಗೆ ಹುಲ್ಲು ಎಷ್ಟು ಹಾಕಬೇಕೆಂದರೂ ಬಾವ ತಮ್ಮನನ್ನು ಕೇಳಬೇಕು. ಏನಾದರೂ ಹೇಳಲು ಬಾಯಿ ತೆರೆದರೆ ಮುದುಕ, "ನೀ ಸುಮ್ನಿರಪ್ಪ, ಮೀನು ಸಾಕಿದ್ದು ನೋಡೀವಿ" ಅನ್ನುತ್ತಿದ್ದ. ಗದ್ದಲವಿಲ್ಲದೆ, ಬೈಗುಳವಿಲ್ಲದೆ, ಅಷ್ಟೇ ಅನ್ನುತ್ತಿದ್ದ. ಮನೆ ತುಂಬ ಮಾತಾಡುತ್ತಿದ್ದ ಬಾವ ನನ್ನ ಕಣ್ಣೆದುರೇ ಮೂಕನಾದ. ಹಬ್ಬಕ್ಕೆ ನಾನು ಹೋದರೆ, ಅವನು ಪಂಕ್ತಿಯ ಕೊನೆಯಲ್ಲಿ ಕೂತು ಉಂಡು ಎದ್ದು ಹೋಗುತ್ತಾನೆ. ನನ್ನ ಮಾತು ಆಗ ಕೇಳಲಿಲ್ಲವಲ್ಲ ಎಂದು ನನಗೆ ಸಿಟ್ಟಿತ್ತು. ಅವನ ಮುಖ ನೋಡಿದ ಮೇಲೆ ಆ ಸಿಟ್ಟೂ ಸಾಹೇಬರ ಕಡೆಗೇ ಹೋಯಿತು.

ಗಣಿಗಳು ನಿಂತವು. ಪ್ಲಾಂಟಿಗೆ ಬೀಗ ಬಿತ್ತು. ನಾನು ಬೇರೆ ಕಡೆ ಕೆಲಸಕ್ಕೆ ಹೋದೆ. ಸಾಹೇಬರು ಅಷ್ಟರಲ್ಲಿ ನಿವೃತ್ತರಾಗಿ ಹೊಸಪೇಟೆಯಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ತಂಗಿಯ ಮದುವೆಯ ಕಾರ್ಡು ಹಂಚುತ್ತ ಅವರ ಓಣಿಗೆ ಹೋದಾಗ, ಜೊತೆಗಿದ್ದ ನನ್ನಪ್ಪನ ಬಲವಂತಕ್ಕೆ ಅವರ ಮನೆಗೂ ಹೋದೆ. ಅಪ್ಪನಿಗೆ ದೊಡ್ಡವರೆಂದರೆ ದೊಡ್ಡವರು, ಅಷ್ಟೇ.

ಪಡಸಾಲೆಯಲ್ಲಿ ಒಂದು ಗಾಜಿನ ತೊಟ್ಟಿ. ಒಳಗೆ ನಾಲ್ಕಾರು ಬಂಗಾರದ ಬಣ್ಣದ ಮೀನು. ಸಾಹೇಬರು ಲುಂಗಿ ಬನಿಯನ್ನಿನಲ್ಲಿ ಅದರ ಮುಂದೆ ಕುರ್ಚಿ ಹಾಕಿಕೊಂಡು, ಒಂದೊಂದೇ ಕಾಳು ಉದುರಿಸುತ್ತ, ಅವುಗಳ ಜೊತೆ ಮಾತಾಡುತ್ತಿದ್ದರು. "ಬಾ ಅವ್ವ, ಬಾ ನನ್ನ ಕೂಸ." ನನ್ನನ್ನು ಕಂಡು ಸಂತೋಷಪಟ್ಟರು. ಕಾರ್ಡು ತೆಗೆದುಕೊಂಡರು. ಆಮೇಲೆ, "ನೀರು ಯಾಕೋ ದಿನಾ ಮಬ್ಬಾಗತೈತಿ ನೋಡಲೇ. ನಿನಗೇನಾರ ಉಪಾಯ ಹೊಳೀತೈತೇನು?" ಎಂದು ಕೇಳಿದರು.

ನನಗೆ ಏನನ್ನಿಸಿತೋ ಏನೋ. ಬೇಕೆಂದೇ ಹೇಳಿದೆ: "ನಮ್ಮ ಅಮೃತ ಐತಲ್ಲ ಸಾರ್. ನನ್ನ ಹತ್ರ ಸ್ಯಾಂಪಲ್ ಬಾಟಲಿ ಐತಿ. ನಾಕು ಹನಿ ಬಿಟ್ರ ಗಾಜಿನಂಗ ಆಗ್ತೈತಿ. ನಾಳಿ ತರ್ಲೇನ್ರಿ?"

ಸಾಹೇಬರು ಕುರ್ಚಿಯಿಂದ ಹಾರಿಬಿದ್ದರು. ಕಾಳಿನ ಡಬ್ಬಿ ನೆಲಕ್ಕುರುಳಿತು. ಎರಡೂ ಕೈಯನ್ನು ತೊಟ್ಟಿಯ ಮೇಲೆ ಚಾಚಿ ಅಡ್ಡ ನಿಂತು, "ಬ್ಯಾಡ ಲೇ, ಬ್ಯಾಡ! ಅದನ್ನ ಹಾಕಿದ್ರ ಮೀನು ಸಾಯ್ತಾವ!" ಎಂದು ಕೂಗಿದರು.

ಅಪ್ಪ ಬೆಚ್ಚಿದ. ನಾನು ಮೆಲ್ಲಗೆ ಕೇಳಿದೆ, "ಅದು ನಿಮಗ ಯಾವಾಗ ಗೊತ್ತಾತು ಸಾರ್?"

"ಮೊದಲಿಂದ ಗೊತ್ತಿರೂದ ಅಲ್ಲೇನಲೇ. ಡ್ರಮ್ಮಿನ ಮ್ಯಾಲೆ ಚಿತ್ರ ಇತ್ತಲ್ಲ!"

"ಹುಲುಗಪ್ಪ ನೆನಪದಾನೇನ್ರಿ? ಕಂಪ್ಲಿಯಾಂವ, ನಮ್ಮ ಬಾವ?"

ಸಾಹೇಬರು ಹುಬ್ಬು ಗಂಟಿಕ್ಕಿ, ನಿಜವಾಗಿಯೇ ಯೋಚಿಸಿದರು. ನಾಟಕವಾಗಿದ್ದರೆ ಸಹಿಸುತ್ತಿದ್ದೆ. "ಯಾವ ಹುಲುಗಪ್ಪ?" ಅಂದರು. ಥೂ ಅನ್ನಿಸಿತು. ಅವರ ಹೆಂಡತಿ ಕೊಟ್ಟ ನೀರನ್ನು ಹಾಗೇ ಟೀಪಾಯಿ ಮೇಲಿಟ್ಟು ಎದ್ದೆ.

ಕಂಪ್ಲಿಗೆ ಹೋಗಿ ಮುದುಕನಿಗೆ ಇದನ್ನೆಲ್ಲ ಹೇಳಿದೆ. ಅಪ್ಪನನ್ನು ಸಾಕ್ಷಿಗೆ ಕರೆದೊಯ್ದಿದ್ದೆ. ಮುದುಕ ಪೂರ್ತಿ ಕೇಳಿ, "ಮತ್ತ ನೀವ ಬಂದೀರಿ. ನೀವೆಲ್ಲ ಅವನ ಮಂದಿ" ಅಂದ. ಬಾವ ಬಾಗಿಲಲ್ಲಿ ನಿಂತಿದ್ದವನು ಒಳಗೆ ಹೋದ.

ಮುದುಕ ಇನ್ನೂ ಇದ್ದಾನೆ. ಕಣ್ಣು ಮಂಜಾಗಿದೆ, ಕಿವಿ ನೆಟ್ಟಗಿದೆ.

ಆದ್ದರಿಂದ ಸ್ಮರಣ ಸಂಚಿಕೆಯ ಗೆಳೆಯಾ, ನೀನು ಕೇಳಿದ ಮಾತನ್ನು ಕಳಿಸುತ್ತಿದ್ದೇನೆ. ನಾನು ಬರೆದ ಉಳಿದದ್ದನ್ನು ಹಾಕಿದರೂ ಸರಿ, ಹರಿದು ಬಿಸಾಕಿದರೂ ಸರಿ. ಸಾಹೇಬರ ಫೋಟೋ ಮಾತ್ರ ಬಿಳಿ ಕೋಟಿನದೇ ಇರಲಿ, ಮುದುಕನಿಗೆ ಅವರ ಗುರುತಿರುವುದು ಆ ಕೋಟಿನಿಂದ. ಅದರ ಕೆಳಗೆ, ನೀನು ಹೇಳಿದಂತೆ ದಪ್ಪ ಅಕ್ಷರದಲ್ಲಿ ಇಷ್ಟು ಹಾಕು: "ಅದನ್ನ ಹಾಕಿದ್ರ ಮೀನು ಸಾಯ್ತಾವ." ಒಂದು ಪ್ರತಿಯನ್ನು ಕಂಪ್ಲಿಗೆ ಕಳಿಸು. ಮುದುಕನ ಪಕ್ಕ ಕೂತು ಓದಿ ಹೇಳಲು ಹುಲುಗಪ್ಪ ಇದ್ದಾನೆ.